ಊರ ಬೆರಳಿಗೆಲ್ಲ ಚುಕ್ಕೆ ಇಟ್ಟವರು

ನಮ್ಮೂರಿನ ಫೈರ್ ಸ್ಟೇಷನ್ನಿನ ಮುಂದೆ ಅಕ್ಷರ ಜೋಡಿಸುವ ಬೋರ್ಡೊಂದಿದೆ. ಶನಿವಾರ ಬಾರ್ಬೆಕ್ಯೂ, ಇಂಥವರ ನಾಯಿ ಕಳೆದಿದೆ, ಒಣಗಿದೆಲೆ ಸುಡಬೇಡಿ, ಇಷ್ಟೇ ಅದರಲ್ಲಿ ಬರುವುದು. 2025ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಆಫೀಸಿಗೆ ಹೊರಟವಳು ನೋಡುತ್ತೇನೆ, ‘ಟೀಚರ್, ಈ ಊರಿನ ಬೆರಳುಗಳು ನಿಮ್ಮನ್ನು ನೆನೆಯುತ್ತವೆ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಟೀಚರ್ ತೀರಿಕೊಂಡ ಸುದ್ದಿ ಹಿಂದಿನ ದಿನವೇ ಬಂದು, ನನ್ನ ಪಾಲಿನ ಅಳು ಮುಗಿದಿತ್ತು. ಬೋರ್ಡು ನೋಡಿದ ಮೇಲೆ ಬಂದದ್ದು ಮಾತ್ರ ಶುದ್ಧ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಲಿ? ಅವರಿಗಿಂತ ಎಷ್ಟೋ ವರ್ಷ ಮೊದಲು ಈ ಊರಿಗೆ ಬಂದವಳು ನಾನು. ಊರಿನ ಚರಂಡಿಯಿಂದ ಹಿಡಿದು ದೀಪದ ಕಂಬದವರೆಗೆ ಎಲ್ಲದಕ್ಕೂ ಜಗಳ ಆಡಿದ್ದೇನೆ. ನನ್ನ ಹೆಸರಿನ ಮೊದಲ ಅಕ್ಷರವೂ ಆ ಬೋರ್ಡು ಹತ್ತಿರಲಿಲ್ಲ.

ನಮ್ಮೂರು ಶಾರ್ಲೆಟ್ ನಗರದ ಅಂಚಿನ ಬ್ಯಾಲಂಟೈನ್‌ನಿಂದ ಕಾರಿನಲ್ಲಿ ಅರ್ಧ ಗಂಟೆ. ನಾನು ಅಲ್ಲಿಯ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುವವಳು. ಊರಿನ ನಡುವೆ ರೈಲು ಹಳಿ. ಹಳಿಯ ಆಚೆ ಹೊಲ, ಕುದುರೆ, ಹಳೆಯ ಮನೆತನಗಳು. ಇಲ್ಲಿ ಪಕ್ಷಗಳನ್ನು ಬಣ್ಣದಲ್ಲಿ ಕರೆಯುವುದು ರೂಢಿ; ಅವರೆಲ್ಲ ಕೆಂಪು. ಮುಚ್ಚಿಹೋದ ಹತ್ತಿ ಗಿರಣಿಯ ಸುತ್ತ ಕಪ್ಪು ಜನರ ಹಳೆಯ ಮನೆಗಳು, ಅವರ ಚರ್ಚು, ಅವರೆಲ್ಲ ನೀಲಿ. ಹಳಿಯ ಈಚೆ ನಮ್ಮಂಥವರ ಹೊಸ ಬಡಾವಣೆಗಳು. ಇಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಗಂಡ ತೆರಿಗೆಯ ಚಿಂತೆಯಲ್ಲಿ ಕೆಂಪು, ಹೆಂಡತಿ ಮಕ್ಕಳ ಶಾಲೆಯ ಚಿಂತೆಯಲ್ಲಿ ನೀಲಿ, ಪಕ್ಕದ ಮನೆಯವರು ಇನ್ನೂ ವೀಸಾದಲ್ಲಿ, ಅವರಿಗೆ ವೋಟೇ ಇಲ್ಲ. ನಾನು ನೀಲಿ. ಅದರಲ್ಲಿ ಗುಟ್ಟೇನಿಲ್ಲ. ಚುನಾವಣೆ ಬಂದರೆ ಅಂಗಳದಲ್ಲಿ ಬೋರ್ಡು ನೆಡುತ್ತೇನೆ, ಮನೆಮನೆಯ ಬಾಗಿಲು ತಟ್ಟುತ್ತೇನೆ.

ಟೀಚರ್ ನಮ್ಮ ಸಾಲಿನಲ್ಲೇ, ಮಗಳು ಅಳಿಯನ ಮನೆಯಲ್ಲಿದ್ದರು. ಮೈಸೂರಿನವರು, ಸರ್ಕಾರಿ ಶಾಲೆಯಲ್ಲಿ ಕನ್ನಡ ಮತ್ತು ಸಮಾಜ ಹೇಳಿಕೊಟ್ಟು ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಮಗಳು ಕರೆಸಿಕೊಂಡಿದ್ದಳು. ಮನೆಯಲ್ಲಿ ಮಾತಾಡುತ್ತಿದ್ದದ್ದು ಉರ್ದು. ನನ್ನ ಜೊತೆಗೆ ಆಡುತ್ತಿದ್ದ ಕನ್ನಡ ಎಂಥದ್ದೆಂದರೆ, ಬೆಂಗಳೂರಿನ ರಾಜಾಜಿನಗರದಲ್ಲಿ ಹುಟ್ಟಿ ಬೆಳೆದ ನಾನು ಅವರೆದುರು ನಾಲಿಗೆ ಬಿಗಿಹಿಡಿದು ಮಾತಾಡಬೇಕಾಗುತ್ತಿತ್ತು. ‘ಅಪ್ಲೈ ಮಾಡಿದೆ’ ಅಂದರೆ ‘ಅರ್ಜಿ ಹಾಕಿದೆ’ ಅಂತ ತಿದ್ದುವವರಲ್ಲ. ಸುಮ್ಮನೆ ಮುಂದಿನ ವಾಕ್ಯದಲ್ಲಿ ಅರ್ಜಿ ಎಂಬ ಪದವನ್ನು ತಾವು ಬಳಸುವರು, ಅಷ್ಟೆ. ಅದು ಇನ್ನೂ ಉರಿಸುತ್ತಿತ್ತು.

ನನ್ನ ಮಗಳು ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಎಂಟು ವರ್ಷದಿಂದ ನಾನು ಮಾಡಲಾಗದ್ದನ್ನು ಟೀಚರ್ ಬಂದ ಹೊಸತರಲ್ಲೇ ಒಂದು ಬೇಸಿಗೆ ರಜೆಯಲ್ಲಿ ಮಾಡಿದರು. ಅವರ ಮನೆಯ ಹಿಂದಿನ ಮರದ ಜಗಲಿಯಲ್ಲಿ ಕೂತು ಹುಡುಗಿ ‘ಟೀಚರ್, ನಂಗೆ ಇನ್ನೊಂದ್ ಸಮೋಸ ಬೇಕು’ ಅನ್ನುವುದನ್ನು ಬೇಲಿಯ ಆಚೆಯಿಂದ ಕೇಳಿಸಿಕೊಂಡೆ. ಮನೆಗೆ ಬಂದವಳು ನನಗೆ ‘ಮಾಮ್, ಐಯಾಮ್ ಫುಲ್’ ಅಂದಳು. ಮೈಯೆಲ್ಲ ಉರಿದುಹೋಯಿತು. ಅವತ್ತು ಗಂಡನ ಮೇಲೆ ರೇಗಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ.

ಅವರನ್ನು ಮೊದಲ ಸಲ ಮತಗಟ್ಟೆಗೆ ಕರೆದುಕೊಂಡು ಹೋದವಳು ನಾನೇ. ಈ ಮಾತನ್ನು ನಾನು ಊರಲ್ಲಿ ಎಲ್ಲರಿಗೂ ಹೇಳಿದ್ದೇನೆ, ಯಾರಿಗೂ ನೆನಪಿಲ್ಲ. 2020ರ ನವೆಂಬರ್. ಟೀಚರ್ ಆ ವರ್ಷವಷ್ಟೇ ಇಲ್ಲಿಯ ಪ್ರಜೆಯಾಗಿದ್ದರು. ಕೋವಿಡ್ ಕಾಲ, ಅವರ ಮಗಳು ಆಸ್ಪತ್ರೆಯ ಡಾಕ್ಟರು, ಮನೆಗೆ ಬರುವುದೇ ಕಷ್ಟವಾಗಿತ್ತು. ನಾನು ಕಾರು ತಂದು ನಿಲ್ಲಿಸಿದರೆ ಟೀಚರ್ ಬಾಗಿಲಲ್ಲೇ ಸಿದ್ಧರಾಗಿ ನಿಂತಿದ್ದರು. ಗಂಜಿ ಹಾಕಿದ ಹತ್ತಿ ಸೀರೆ, ತಲೆ ಮೇಲೆ ಸೆರಗು, ಮಗಳ ಜಾಕೆಟ್ಟು, ಮಾಸ್ಕು, ಕೈಯಲ್ಲಿ ನೀರಿನ ಬಾಟಲಿ ಮತ್ತು ಡಬ್ಬಿಯಲ್ಲಿ ಚಪಾತಿ. ಹತ್ತು ನಿಮಿಷದ ದಾರಿಗೆ ಇದೆಲ್ಲ ಯಾಕೆ ಅಂದೆ. ಎಲೆಕ್ಷನ್ ಅಂದರೆ ಊಟ ಕಟ್ಟಿಕೊಂಡೇ ಅಭ್ಯಾಸ ಅಂದರು. ಊರಲ್ಲಿದ್ದಾಗ ಪ್ರತಿ ಚುನಾವಣೆಗೂ ಅವರಿಗೆ ಡ್ಯೂಟಿ ಬೀಳುತ್ತಿತ್ತಂತೆ. ಹಿಂದಿನ ದಿನವೇ ಮಸ್ಟರಿಂಗ್‌ಗೆ ಹೋಗಿ, ಯಂತ್ರ ಚೀಲ ಎಲ್ಲ ಪಡೆದು, ಬಸ್ಸಿನಲ್ಲಿ ಎಚ್.ಡಿ. ಕೋಟೆ ಕಡೆಯ ಯಾವುದೋ ಹಳ್ಳಿ ಶಾಲೆಯಲ್ಲಿ ಮಲಗುವುದು.

ಮತಗಟ್ಟೆ ಅಂದರೆ ಅದೇ ಫೈರ್ ಸ್ಟೇಷನ್. ಗಾಡಿಗಳನ್ನು ಹೊರಗೆ ನಿಲ್ಲಿಸಿ ಒಳಗೆ ಮೇಜು ಹಾಕುತ್ತಾರೆ. ಬಾಗಿಲಿನಿಂದ ಐವತ್ತು ಅಡಿ ದೂರಕ್ಕೆ ಒಂದು ಗೆರೆ, ಗೆರೆಯ ಆಚೆ ಎರಡೂ ಪಕ್ಷದವರ ಡೇರೆ ಎದುರುಬದುರು. ಒಳಗೆ ಮುಖ್ಯಸ್ಥ ಒಬ್ಬ ಮುದುಕ. ಟೈರ್ ಅಂಗಡಿ ಇಟ್ಟಿದ್ದವನು, ಹುಟ್ಟಾ ಕೆಂಪು, ಆದರೆ ಮತಗಟ್ಟೆಯ ಒಳಗೆ ಮಾತ್ರ ಯಾವ ಬಣ್ಣವೂ ಇಲ್ಲದವನ ಹಾಗೆ ಕೂರುತ್ತಿದ್ದ. ಟೀಚರ್ ತಮ್ಮ ಕಾಗದದಲ್ಲಿ ಗುರುತು ಮಾಡಿ, ಯಂತ್ರಕ್ಕೆ ತಿನ್ನಿಸಿ, ಮುದುಕನ ಮೇಜಿಗೆ ಬಂದರು. ಮತ ಹಾಕಿದವರಿಗೆ ಸ್ಟಿಕರ್ ಕೊಡುವ ಮೇಜದು. ಅಲ್ಲಿ ನಿಂತು ಎಡಗೈ ಚಾಚಿ, ಅಂಗೈ ಕೆಳಗೆ ಮಾಡಿ ಮೇಜಿನ ಮೇಲಿಟ್ಟು, ತೋರುಬೆರಳು ಮುಂದೆ ಮಾಡಿದರು.

ಮುದುಕನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು, ನಾಚಿಕೆಯಿಂದ ನೆಲಕ್ಕೆ ಇಳಿದುಹೋದೆ. ಪಕ್ಕಕ್ಕೆ ಸರಿದು ಪಿಸುಗುಟ್ಟಿದೆ.

“ಟೀಚರ್, ಇಲ್ಲಿ ಇಂಕ್ ಹಾಕಲ್ಲ. ಬನ್ನಿ.”

“ಗೊತ್ತಮ್ಮ,” ಅಂದರು.

ಗೊತ್ತಿದ್ದರೆ ಕೈ ತೆಗೆಯಬೇಕಲ್ಲ! ತೆಗೆಯಲಿಲ್ಲ. ಮುದುಕ ಏನೆಂದು ಕೇಳಿದ. ಟೀಚರ್ ತಮ್ಮ ಪಾಠ ಹೇಳುವ ಇಂಗ್ಲಿಷಿನಲ್ಲಿ, ನಮ್ಮ ದೇಶದಲ್ಲಿ ಮತ ಹಾಕಿದವರ ಬೆರಳಿಗೆ ಗುರುತು ಹಾಕುತ್ತಾರೆ, ಆ ಶಾಯಿ ತಯಾರಾಗುವುದು ನನ್ನ ಊರಲ್ಲೇ, ವಾರಗಟ್ಟಲೆ ಹೋಗುವುದಿಲ್ಲ ಎಂದೆಲ್ಲ ವಿವರಿಸಿದರು. ಹಿಂದೆ ಸಾಲಿನಲ್ಲಿ ಕಾಯುವವರು ಕಾಯುತ್ತಲೇ ಇದ್ದರು. ಮುದುಕ ಗ್ಲೌಸ್ ಹಾಕಿದ ಕೈಯಲ್ಲಿ ಒಂದು ಪೆನ್ನು ತೆಗೆದುಕೊಂಡು ಬೆರಳ ನಡುವೆ ಚುಕ್ಕೆ ಇಡಲು ಹೋದ. ಅಲ್ಲಲ್ಲ, ಉಗುರು ಚರ್ಮ ಸೇರುವಲ್ಲಿ ಅಂತ ತಿದ್ದಿ ಇಡಿಸಿಕೊಂಡರು. ಆಮೇಲೆ ಮುದುಕ ನನ್ನ ಕಡೆ ತಿರುಗಿ ನಿನಗೂ ಬೇಕಾ ಅಂದ. ಬೇಡ, ನಾವು ಇಲ್ಲಿ ಅದನ್ನೆಲ್ಲ ಮಾಡುವುದಿಲ್ಲ ಅಂದೆ. ನನ್ನ ಹಿಂದೆ ನಿಂತಿದ್ದ ಕೌಬಾಯ್ ಟೋಪಿಯ ಹೆಂಗಸು ಮಾತ್ರ ಬೆರಳು ಚಾಚಿದಳು. ಅವಳ ಹಿಂದಿನವನೂ ಚಾಚಿದ.

ಆಗಿದ್ದು ಇಷ್ಟೇ. ಆದರೆ ಎರಡು ವರ್ಷದ ನಂತರದ ಚುನಾವಣೆಗೆ ಟೀಚರ್ ಅದೇ ಮತಗಟ್ಟೆಯಲ್ಲಿ ಸಿಬ್ಬಂದಿಯಾಗಿ ಕೂತಿದ್ದರು. ಮುದುಕ ಮನೆಗೆ ಬಂದು ಕೇಳಿಕೊಂಡಿದ್ದನಂತೆ. ನನ್ನನ್ನು ಯಾರೂ ಕೇಳಿರಲಿಲ್ಲ. ಸ್ಟಿಕರ್ ಮೇಜು ಅವರದಾಯಿತು. ಸ್ಟಿಕರ್ ಕೊಟ್ಟು, ಬೇಕೆಂದವರ ಬೆರಳು ಹಿಡಿದು ಚುಕ್ಕೆ ಇಡುವುದು. ಮೊದಲು ನೀಲಿ ಪೆನ್ನಿತ್ತು, ಕೆಂಪು ಡೇರೆಯವರು ಗೊಣಗಿದರು. ಕೆಂಪು ಪೆನ್ನು ತಂದರೆ ನಮ್ಮವರು ಗೊಣಗಿದರು. ಕೊನೆಗೆ ಕಪ್ಪು. ಒಬ್ಬರ ಮುಖ ಒಬ್ಬರು ನೋಡದ ಜನ ಚುಕ್ಕೆಗೆ ಮಾತ್ರ ಒಂದೇ ಸಾಲಿನಲ್ಲಿ ನಿಂತರು. ಊರಿಗೊಬ್ಬಳೇ ಪದ್ಮಾವತಿ ಅನ್ನುವ ಹಾಗೆ ಎಲ್ಲರ ಬಾಯಲ್ಲೂ ಟೀಚರ್, ಟೀಚರ್. ಹಳಿಯ ಆಚೆಯಿಂದ ಟೊಮೆಟೊ ಬಂತು. ಗಿರಣಿ ಕಡೆಯ ಚರ್ಚಿನ ಹೆಂಗಸರಿಂದ ಕೇಕು ಬಂತು. ಪಿಕಪ್ ಗಾಡಿಗೆ ದೊಡ್ಡ ಬಾವುಟ ಕಟ್ಟಿಕೊಂಡು ಓಡಾಡುವ ಒಬ್ಬ ಅವರ ಮೆಟ್ಟಿಲಿಗೆ ಹಿಡಿದು ಹತ್ತಲು ಕಂಬಿ ಜೋಡಿಸಿಕೊಟ್ಟ. ಅದೇ ಮನುಷ್ಯ ನನ್ನ ಬಾಗಿಲ ಬಡಿತಕ್ಕೆ ಒಂದು ದಿನವೂ ಬಾಗಿಲು ತೆಗೆದವನಲ್ಲ. ಆ ವರ್ಷ ನಾನು ಫೈರ್ ಸ್ಟೇಷನ್ನಿಗೆ ಹೋಗದೆ, ವಾರ ಮೊದಲೇ ಕೌಂಟಿಯ, ಅಂದರೆ ಇಲ್ಲಿಯ ಜಿಲ್ಲೆಯ, ಕಚೇರಿಯಲ್ಲಿ ವೋಟು ಹಾಕಿಬಂದೆ. ಮುಂದಕ್ಕೂ ಅದನ್ನೇ ರೂಢಿ ಮಾಡಿಕೊಂಡೆ. ಅವರ ಮೇಜಿನ ಮುಂದೆ ಬೆರಳು ಚಾಚಿ ನಿಲ್ಲುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

2023ರಲ್ಲಿ ನಾನು ಊರಿನ ಕೌನ್ಸಿಲ್ಲಿಗೆ ನಿಂತೆ. ಊರಿನ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಆದರೆ ಯಾರು ಯಾವ ಬಣ್ಣ ಅಂತ ನಾಯಿಗೂ ಗೊತ್ತು. ಆ ಕುರ್ಚಿ ನನಗೆ ಬೇಕಿತ್ತು. ನಮ್ಮ ಬಡಾವಣೆಯಿಂದ ಶಾಲೆಗೆ ಹೋಗುವ ರಸ್ತೆಗೆ ಕಾಲುದಾರಿ ಆಗಬೇಕಿತ್ತು ಅನ್ನುವುದು ಹೇಳಿಕೊಳ್ಳುವ ಕಾರಣ. ಒಳಗಿನ ಕಾರಣ, ಈ ಊರು ಒಂದು ಸಲ ನನ್ನನ್ನು ಬೇಕು ಅನ್ನಬೇಕಿತ್ತು.

ಯಾರ ಅಂಗಳದಲ್ಲಿ ಯಾರ ಬೋರ್ಡಿದೆ ಎಂದು ಬೀದಿಬೀದಿ ಸುತ್ತಿ ನೋಡಿಕೊಂಡು ಬಂದು ಟೀಚರ್ ಮುಂದೆ ಕೂತು ಲೆಕ್ಕ ಒಪ್ಪಿಸುತ್ತಿದ್ದೆ. ಇದು ನಮ್ಮ ಬೀದಿ, ಇದು ಅವರ ಬೀದಿ ಅಂತ. ಅವರು ಚಹಾ ಸೋಸುತ್ತಾ ಕೇಳಿಸಿಕೊಂಡು, ಬೋರ್ಡು ನೋಡಬೇಡ, ಮತಗಟ್ಟೆಗೆ ಕಾರಿನಲ್ಲಿ ಯಾರು ಯಾರನ್ನು ಕೂರಿಸಿಕೊಂಡು ಬರುತ್ತಾರೆ ನೋಡು ಅಂದರು. ದೊಡ್ಡ ಬಾವುಟದ ಪಿಕಪ್ಪಿನವನು ಪ್ರತಿ ಸಲ ಪಕ್ಕದ ಮನೆಯ ನೀಲಿ ಮುದುಕಿಯನ್ನು ಕರೆತಂದು, ಅವಳು ವೋಟು ಹಾಕುವವರೆಗೆ ಅವಳ ಕೈಚೀಲ ಹಿಡಿದು ನಿಂತಿರುತ್ತಾನಂತೆ. ತನ್ನ ವೋಟನ್ನು ಹೊಡೆದುಹಾಕುವವಳನ್ನು ತಾನೇ ಹೊತ್ತು ತರುವುದೇ! ಹುಚ್ಚ ಅಂದೆ. ಟೀಚರ್ ಚಹಾ ಕೊಟ್ಟರು.

ನಮ್ಮ ಬೀದಿ ಅಂದುಕೊಂಡಿದ್ದ ಬೀದಿಗಳಲ್ಲೇ ಬಾಗಿಲು ತೆಗೆದವರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ನೀನು ಟೀಚರ್ ಮಗಳಲ್ಲವೇ? ಅಲ್ಲ ಸ್ವಾಮಿ, ಅವರು ಮೈಸೂರು, ನಾನು ಬೆಂಗಳೂರು, ಅವರು ಮುಸ್ಲಿಮರು, ನಾನು ಹಿಂದೂ, ಅವರ ಸ್ವಂತ ಮಗಳು ಬೇರೆ ಇದ್ದಾಳೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವರ ತಾಳ್ಮೆ ಮುಗಿದಿರುತ್ತಿತ್ತು. ಕಾಲುದಾರಿಯ ವಿಷಯಕ್ಕೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತಿತ್ತು. ಟೀಚರ್‌ಗೂ ಇದೇ ಪ್ರಶ್ನೆ ಬರುತ್ತಿತ್ತು, ಅವರು ಯಾವತ್ತೂ ತಿದ್ದಿದವರಲ್ಲ. ಯಾಕೆ ಅಂತ ಕೇಳಿದ್ದಕ್ಕೆ, ಅದರಲ್ಲಿ ತಪ್ಪೇನಿದೆ ಅಂದಿದ್ದರು.

ಅವರ ಅಂಗಳದಲ್ಲಿ ನನ್ನದೊಂದು ಬೋರ್ಡು ನೆಡಲು ಬಿಡಿ ಅಂತ ಕೇಳಿದೆ. ಆಗಲ್ಲ ಅಂದುಬಿಟ್ಟರು. ಡ್ಯೂಟಿಯಲ್ಲಿರುವವರು ಯಾರ ಪರವೂ ಕಾಣಿಸಿಕೊಳ್ಳಬಾರದಂತೆ. ಟೀಚರ್, ಇದು ಎಚ್.ಡಿ. ಕೋಟೆಯಲ್ಲ, ಇಲ್ಲಿ ಯಾರೂ ಸಸ್ಪೆಂಡ್ ಮಾಡಲ್ಲ ಅಂದೆ. ನಕ್ಕರು. ಅಂಗಳ ಅಳಿಯನದಲ್ಲವೇ, ಅವನನ್ನೇ ಕೇಳುತ್ತೇನೆ ಅಂದೆ. ಅದು ನಿನ್ನಿಷ್ಟ ಅಂದರು. ಆದರೆ ನಗು ನಿಂತಿತ್ತು. ಅಳಿಯ ಒಪ್ಪಿದ. ಬೋರ್ಡು ನೆಟ್ಟ ಮಾರನೆಯ ದಿನದಿಂದ ಟೀಚರ್ ಮುಂಬಾಗಿಲು ಬಿಟ್ಟು ಗ್ಯಾರೇಜಿನಿಂದ ಓಡಾಡತೊಡಗಿದರು.

ಚುನಾವಣೆಯ ದಿನ ಬೆಳಗಿನಿಂದ ಗೆರೆಯ ಆಚೆ ನನ್ನ ಪ್ರಚಾರದ ಕಾರ್ಡು ಹಿಡಿದು ನಿಂತೆ. ನನ್ನ ಎದುರಾಳಿ ಹಳೆಯ ಫೈರ್ ಚೀಫ್, ಕುರ್ಚಿ ಹಾಕಿಕೊಂಡು ಕೂತಿದ್ದ. ಕಾರ್ಡು ಯಾರೂ ತೆಗೆದುಕೊಳ್ಳಲಿಲ್ಲ. ಹೊರಗೆ ಬಂದವರೆಲ್ಲ ಬೆರಳು ಎತ್ತಿ ತೋರಿಸಿ ‘ನಿನ್ನಮ್ಮ ಇಟ್ಟಿದ್ದು’ ಅಂತ ನಕ್ಕು ಹೋದರು. ನನಗೆ ವೋಟು ಹಾಕದವರು ಇನ್ನೂ ಜಾಸ್ತಿ ನಕ್ಕರು. ಸೋತೆ. ಎರಡು ಶಾಲಾ ಬಸ್ಸಿನಲ್ಲಿ ಕೂರಿಸಬಹುದಾದಷ್ಟು ಜನರ ಅಂತರ. ಟೀಚರ್ ಒಂದು ಮಾತು ಆಡಿದ್ದರೆ ಆ ಎರಡು ಬಸ್ಸೂ ನನ್ನ ಕಡೆ ತಿರುಗುತ್ತಿದ್ದವು. ಇದನ್ನು ನಾನು ಇವತ್ತಿಗೂ ನಂಬುತ್ತೇನೆ.

ಮಾರನೆಯ ದಿನ ಅವರ ಮನೆಗೆ ಹೋಗಿ, ಚಹಾ ಬೇಡವೆಂದು, ನಿಂತೇ ಕೇಳಿದೆ.

“ನೀವಾದ್ರೂ ನಂಗೆ ಹಾಕಿದ್ರಾ ಟೀಚರ್?”

“ಅದು ಕೇಳಬಾರದಮ್ಮ.”

“ಹಾಕ್ಲಿಲ್ಲ ಅಂತ ಆಯ್ತು.”

“ಕೂತ್ಕೋ,” ಅಂದರು. ನಾನು ಕೂರಲಿಲ್ಲ, ಅವರೇ ಕೂತರು. ಎಡಗೈಯನ್ನು ಊಟದ ಮೇಜಿನ ಮೇಲೆ, ಅವತ್ತಿನ ಹಾಗೇ ಚಾಚಿ ಇಟ್ಟರು. “ಸರ್ವೀಸ್ ಪೂರ್ತಿ ಊರ ಬೆರಳಿಗೆಲ್ಲ ಇಂಕು ಹಚ್ಚಿದೆ. ನನ್ನ ವೋಟಿರೋದು ಮೈಸೂರಲ್ಲಿ, ಡ್ಯೂಟಿ ಕೋಟೆಯಲ್ಲಿ. ಪೋಸ್ಟಲ್ ವೋಟು ಬರತ್ತೆ ಅನ್ನೋರು, ಬರೋ ಹೊತ್ತಿಗೆ ಎಣಿಕೆ ಮುಗಿದಿರೋದು. ರಿಟೈರ್ ಆದೆ, ಇನ್ನು ಹಾಕ್ತೀನಿ ಅಂದ್ಕೊಂಡೆ. ಅಷ್ಟರಲ್ಲಿ ನಮ್ಮನೆಯವರು ಹೋದರು, ಇಲ್ಲಿಗೆ ಬಂದೆ. ಆವತ್ತು ನೀನು ಕರಕೊಂಡು ಹೋದೆಯಲ್ಲ, ಅದೇ ನನ್ನ ಜೀವಮಾನದ ಮೊದಲನೇ ವೋಟು.”

ಹಾಗಾದರೆ ಅವತ್ತು ಅವರಿಗೆ ಮರೆವಾಗಿರಲಿಲ್ಲ, ಗಲಿಬಿಲಿಯೂ ಆಗಿರಲಿಲ್ಲ. ಇಡೀ ಊರು ಪಾಪ, ಹೊಸ ದೇಶ, ಗೊತ್ತಾಗಲಿಲ್ಲ ಅಂತ ಮುದ್ದು ಮಾಡಿದ್ದ ಆ ತಪ್ಪು, ತಪ್ಪೇ ಆಗಿರಲಿಲ್ಲ. ಆ ಚುಕ್ಕೆ ಅವರಿಗೆ ಬೇಕಿತ್ತು, ಕೇಳಿ ಇಡಿಸಿಕೊಂಡಿದ್ದರು.

“ಈ ಮನೆ ಮಗಳದು, ಅಂಗಳ ಅಳಿಯನದು,” ಅಂದರು ಟೀಚರ್. “ನನ್ನದು ಅಂತ ಇರೋದು, ಯಾರಿಗೆ ಹಾಕಿದೆ ಅನ್ನೋದು ಒಂದೇ. ಅದನ್ನೂ ಕೇಳ್ತೀಯಲ್ಲ.”

ಇದನ್ನು ಕೇಳಿ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ, ಹೊಟ್ಟೆಕಿಚ್ಚು ಇನ್ನೊಂದು ಸುತ್ತು ಏರಿತು. ನಾನು ಈ ದೇಶದಲ್ಲಿ ಎಷ್ಟು ಸಲ ವೋಟು ಹಾಕಿದ್ದೇನೆ! ಒಂದು ಸಲವೂ ಅದು ನನಗೆ ಅಷ್ಟು ಬೇಕಾದದ್ದಾಗಿರಲಿಲ್ಲ. ಯಾರಿಗೆ ಹಾಕಿದೆ ಎಂದು ಬೀದಿಗೆಲ್ಲ ಕೂಗಿ ಹೇಳುವವಳು ನಾನು. ಅವರು ಬಾಯಿ ಮುಚ್ಚಿಕೊಂಡು ಇಟ್ಟುಕೊಂಡಿದ್ದರು, ಅದಕ್ಕೇ ಎರಡೂ ಡೇರೆಯವರು ಟೀಚರ್ ನಮ್ಮವರು ಅಂತ ಎದೆ ತಟ್ಟಿಕೊಳ್ಳುತ್ತಿದ್ದರು. ನನ್ನನ್ನು ನಮ್ಮವಳು ಅಂದದ್ದು ಒಂದೇ ಡೇರೆ, ಅದೂ ಕಾರ್ಡು ಹಂಚುವವರು ಕಡಿಮೆ ಬಿದ್ದಾಗ.

2024ರಲ್ಲಿ ನನ್ನ ಮಗಳಿಗೆ ಹದಿನೆಂಟು ತುಂಬಿತ್ತು. ಅವಳ ಮೊದಲ ವೋಟು. ನನ್ನ ಜೊತೆ ಕೌಂಟಿ ಕಚೇರಿಗೆ ಬಾ ಅಂದೆ, ಬರಲಿಲ್ಲ. ಚುನಾವಣೆಯ ದಿನ ತಾನೇ ಫೈರ್ ಸ್ಟೇಷನ್ನಿಗೆ ಡ್ರೈವ್ ಮಾಡಿಕೊಂಡು ಹೋಗಿ, ಕಪ್ಪು ಚುಕ್ಕೆ ಇಡಿಸಿಕೊಂಡು ಬಂದು, ಫ್ರಿಜ್ ತೆಗೆದು ನಿಂತಳು. ಯಾರಿಗೆ ಹಾಕಿದೆ ಅಂತ ಕೇಳಿದೆ. ತಾಯಿ ಕೇಳಬಹುದು ತಾನೇ?

“ಅಮ್ಮಾ, ಅದು ಕೇಳಬಾರ್ದು,” ಅಂದಳು.

ವರ್ಷಗಟ್ಟಲೆ ಕಾದ ಮೇಲೆ ನನ್ನ ಮಗಳು ನನಗೆ ಕನ್ನಡದಲ್ಲಿ ಕೊಟ್ಟ ಮೊದಲ ಪೂರ್ತಿ ಉತ್ತರ ಅದು. ಅದೂ ಟೀಚರ್ ಆಡಿದ್ದೇ ಮಾತು.

ಮುಂದಿನ ಬೇಸಿಗೆಯಲ್ಲಿ ಟೀಚರ್ ಹೋದರು. ಹೃದಯದ ತೊಂದರೆ, ಹೆಚ್ಚು ನರಳಲಿಲ್ಲ. ಶಾರ್ಲೆಟ್‌ನ ಮಸೀದಿಯ ಕಡೆಯ ಖಬರಸ್ತಾನದಲ್ಲಿ ಮಣ್ಣು ಮಾಡಿದರು. ನಮ್ಮೂರಿಂದ ಎರಡೂ ಡೇರೆಯವರು ಬಂದಿದ್ದರು, ಬೇರೆಬೇರೆ ಕಾರಿನಲ್ಲಲ್ಲ, ಚರ್ಚಿನ ವ್ಯಾನಿನಲ್ಲಿ ಒಟ್ಟಿಗೆ. ನಮಾಜಿಗೆ ನಿಂತವರು ತಲೆಗೆ ಟೋಪಿ ಹಾಕಿಕೊಳ್ಳುತ್ತಿದ್ದರೆ, ಹಿಂದೆ ನಿಂತ ನಮ್ಮೂರ ಮುದುಕರು ಮರ್ಯಾದೆಗೆಂದು ಟೋಪಿ ತೆಗೆಯುತ್ತಿದ್ದರು. ಟೀಚರ್ ಇದ್ದಿದ್ದರೆ ಎರಡೂ ಸರಿ ಅನ್ನುತ್ತಿದ್ದರು. ಟೈರ್ ಅಂಗಡಿಯ ಮುದುಕ ಟೀಚರ್ ಸ್ವಂತ ಮಗಳ ಕೈ ಕುಲುಕಿ, ಆಮೇಲೆ ಸೀದಾ ನನ್ನ ಹತ್ತಿರ ಬಂದು, ನಿನ್ನಮ್ಮ ದೊಡ್ಡ ಮನುಷ್ಯಳು ಅಂದ.

ನವೆಂಬರಿನಲ್ಲಿ ಮತ್ತೆ ಊರಿನ ಚುನಾವಣೆ. ಮತ್ತೆ ನಿಂತೆ. ಬಾಗಿಲು ತಟ್ಟಿದಲ್ಲೆಲ್ಲ ಅದೇ ಪ್ರಶ್ನೆ, ಟೀಚರ್ ಮಗಳಲ್ಲವೇ? ಈ ಸಲ ತಿದ್ದಲಿಲ್ಲ. ದೊಡ್ಡತನದಿಂದೇನಲ್ಲ, ವೋಟು ಬೇಕಿತ್ತು. ಬಾಗಿಲುಗಳು ತೆರೆದುಕೊಂಡವು. ಬಾವುಟದ ಪಿಕಪ್ಪಿನವನೂ ತೆರೆದ, ಕಾಲುದಾರಿಯ ಮಾತನ್ನು ಕೊನೆತನಕ ಕೇಳಿದ.

ಆ ಸಲ ಮೊದಲೇ ವೋಟು ಹಾಕದೆ, ಚುನಾವಣೆಯ ದಿನ ಫೈರ್ ಸ್ಟೇಷನ್ನಿಗೇ ಹೋದೆ. ಯಾಕೆಂದು ಗೊತ್ತಿಲ್ಲ. ಸ್ಟಿಕರ್ ಮೇಜಿನ ಹಿಂದೆ ಕುರ್ಚಿ ಖಾಲಿ ಇತ್ತು. ಮೇಜಿಗೆ ದಾರ ಕಟ್ಟಿ ಅವರ ಕಪ್ಪು ಪೆನ್ನು ಇಟ್ಟಿದ್ದರು. ಜನ ತಾವೇ ಎತ್ತಿಕೊಂಡು, ಉಗುರು ಚರ್ಮ ಸೇರುವಲ್ಲಿ ಸರಿಯಾಗಿ ಚುಕ್ಕೆ ಇಟ್ಟುಕೊಂಡು ಹೋಗುತ್ತಿದ್ದರು. ಗಂಡನ ಬೆರಳಿಗೆ ಹೆಂಡತಿ, ಹೆಂಡತಿಯದಕ್ಕೆ ಗಂಡ. ನಾನು ಒಬ್ಬಳೇ ಬಂದಿದ್ದೆ. ಪೆನ್ನು ತೆಗೆದುಕೊಂಡೆ, ಎಡಗೈ ಚಾಚಿದೆ. ನನ್ನ ಬೆರಳಿಗೆ ನಾನೇ ಇಟ್ಟುಕೊಳ್ಳುವುದು ಯಾಕೋ ಕಳ್ಳತನದ ಹಾಗೆ ಅನ್ನಿಸಿ ಪೆನ್ನನ್ನು ಅಲ್ಲೇ ಇಟ್ಟು ಹೊರಗೆ ಬಂದೆ. ಇಡೀ ಊರಿನಲ್ಲಿ ಆ ಹೆಂಗಸಿನ ಕೈಯಿಂದ ಚುಕ್ಕೆ ಇಡಿಸಿಕೊಳ್ಳದವಳು ನಾನೊಬ್ಬಳೇ ಇರಬೇಕು.

ಗೆದ್ದೆ. ಎರಡು ಬಸ್ಸಲ್ಲ, ಮೂರು ಬಸ್ಸು ಜನ ನನ್ನ ಕಡೆ. ಮಾರನೆಯ ಬೆಳಿಗ್ಗೆ ಫೈರ್ ಸ್ಟೇಷನ್ನಿನವರು ಕಾಫಿಗೆ ಕರೆದಿದ್ದರು. ಬೋರ್ಡಿನಲ್ಲಿ ಕೊನೆಗೂ ನನ್ನ ಸುದ್ದಿ ಬಂದಿತ್ತು, ‘ಟೀಚರ್ ಮಗಳಿಗೆ ಅಭಿನಂದನೆ’ ಎಂದು. ಕಾರಿನಲ್ಲಿ ಕೂತು ಅದನ್ನು ಎಷ್ಟೋ ಹೊತ್ತು ನೋಡಿದೆ. ನಾನು ಗೆದ್ದ ದಿನವೂ ಗೆದ್ದವರು ಅವರೇ. ಹೊಟ್ಟೆ ಉರಿದರೆ ಉರಿಯಲಿ ಅಂತ ಒಳಗೆ ಹೋದೆ.

ಎಲ್ಲರೂ ಬಂದು ಕೈ ಕುಲುಕಿದರು. ಬೆರಳುಗಳ ಮೇಲೆ ಹಿಂದಿನ ದಿನದ ಚುಕ್ಕೆ ಇನ್ನೂ ಹಾಗೇ ಇತ್ತು. ಟೈರ್ ಅಂಗಡಿಯ ಮುದುಕ ನನ್ನ ಎಡಗೈಯನ್ನೇ ಹಿಡಿದ. ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿ, ನಿನ್ನದೆಲ್ಲಿ ಅಂತ ಕೇಳಿದ.

“ಅಳಿಸಿಹೋಯ್ತು,” ಅಂದೆ.